ಎರಡೂ ಒಂದೇನಾ ಮಗಾ?

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೇಲಿ ಮಾತಾಡೋದು ಕನ್ನಡ, ತಲೆಯೊಳಗೆ ಓದೋದು ಇಂಗ್ಲಿಷು. ಒತ್ತಕ್ಷರ ಅಲ್ಲಲ್ಲಿ ತಪ್ಪಿದ್ರೆ ನಮ್ಮ ಸಂಘದ ಸೀನಿಯರ್‌ಗಳು ತಿದ್ದಿರ್ತಾರೆ, ಅವರಿಗೂ ಸಿಗದೇ ಉಳಿದಿದ್ರೆ ನೀವು ಕ್ಷಮಿಸಿ. ಈ ಬರಹ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಅದು ಒತ್ತಕ್ಷರದ ತಪ್ಪಲ್ಲ.

ಪಿಯುಸಿಯಲ್ಲಿ ಕೆಮಿಸ್ಟ್ರಿ ನನಗೆ ತುಂಬಾ ಇಷ್ಟ. ಅದರಲ್ಲೂ ಪಿ-ಬ್ಲಾಕ್, ಅಂದ್ರೆ ಆವರ್ತಕ ಕೋಷ್ಟಕದ ಬಲಗಡೆ ಇರೋ 13ನೇ ಗುಂಪು, 14ನೇ ಗುಂಪು. ಎಲ್ಲರೂ ಬೈಕೊಂಡು ಓದೋ ಪಾಠ ಅದು. ಯಾವ ಲಾಜಿಕ್ಕೂ ಇಲ್ಲ, ಬರೀ ಬಾಯಿಪಾಠ ಅಂತಾರೆ. ಬೋರಾನ್, ಅಲ್ಯೂಮಿನಿಯಂ, ಗ್ಯಾಲಿಯಂ, ಇಂಡಿಯಂ, ಥ್ಯಾಲಿಯಂ ನೆನಪಿಡೋಕೆ ಕೋಚಿಂಗಲ್ಲಿ ನಮಗೆ ಕಲಿಸಿದ್ದು 'ಬೈಂಗನ್ ಆಲೂ ಗಾಜರ್ ಇನ್ ಥೈಲಾ'. ಬದನೆಕಾಯಿ, ಆಲೂಗಡ್ಡೆ, ಕ್ಯಾರೆಟ್ಟು ಚೀಲದಲ್ಲಿ ಅಂತ ಅರ್ಥ. ಕರ್ನಾಟಕದಲ್ಲಿ ಕೂತು, ಇಂಗ್ಲಿಷ್ ಪಾಠಾನ ಹಿಂದಿ ತರಕಾರಿ ಹೆಸರಲ್ಲಿ ನೆನಪಿಟ್ಕೊಂಡ್ವಿ. ಆಗ ಅದು ವಿಚಿತ್ರ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಡೈಬೋರೇನಿನ ಬಾಳೆಹಣ್ಣು ಬಂಧ, ಬೋರಿಕ್ ಆಸಿಡ್ ಯಾಕೆ ಲೂಯಿಸ್ ಆಸಿಡ್, ಸೀಸಕ್ಕೆ ಇನರ್ಟ್ ಪೇರ್ ಎಫೆಕ್ಟ್, ಎಲ್ಲಾ ಕಂಠಪಾಠ. ಬೋರ್ಡ್ ಪರೀಕ್ಷೇಲಿ ಕೆಮಿಸ್ಟ್ರಿಗೆ 98 ಬಂತು. ನನ್ನ ತಮ್ಮ ಈಗ ಫಸ್ಟ್ ಪಿಯುಸಿ. ಅವನ ಪುಸ್ತಕದಲ್ಲಿ ಈ ಅಧ್ಯಾಯವೇ ಇಲ್ಲ, ಪಠ್ಯ ಕಡಿಮೆ ಮಾಡುವಾಗ ಎನ್‌ಸಿಇಆರ್‌ಟಿಯವರು ತೆಗೆದುಹಾಕಿದರು. ಬಚಾವಾದೆ ಅಂತ ಕುಣೀತಾನೆ. ಜೆಇಇಗೆ ಇನ್ನೂ ಇದೆ ಕಣೋ ಅಂತ ಯಾರೂ ಅವನಿಗೆ ಹೇಳಿಲ್ಲ.

ನಮ್ಮ ಅಮ್ಮನ ತವರು ಬನ್ನೂರು. ಬನ್ನೂರು ಅಂದ ತಕ್ಷಣ ಹಾಸ್ಟೆಲಲ್ಲಿ ಎಲ್ಲರೂ 'ಓ, ಕುರಿ!' ಅಂತಾರೆ. ಕುರಿ ಬಿಟ್ಟು ಅಲ್ಲಿ ಕಾವೇರಿ ಇದೆ, ನಾಲೆ ನೀರಲ್ಲಿ ಭತ್ತ, ಕಬ್ಬು, ಸುತ್ತ ಆಲೆಮನೆ, ತೆಂಗು ಇವೆ. ತಾತನಿಗೆ ಮನೆ ಹಿಂದೆ 14 ತೆಂಗಿನ ಮರ. ಬಾವಿ ಕಡೆ ಇರೋ ನಾಲ್ಕು ಮರದ ಪಾತಿ ಸುತ್ತ ಅಜ್ಜಿ ಪ್ರತಿ ವರ್ಷ ಬೀನ್ಸ್ ಹಾಕ್ತಾರೆ. ಮನೆಗೆ ಆಗಿ ಉಳಿದಿದ್ದನ್ನ ಅಜ್ಜಿ ಸಂತೆಗೆ ಕಳಿಸ್ತಾರೆ. ಆ ದುಡ್ಡು ಅಜ್ಜಿದೇ, ತಾತ ಕೇಳೋ ಹಾಗಿಲ್ಲ.

ಈ ವರ್ಷ ತೆಂಗಿಗೆ ಏನೋ ಆಗಿತ್ತು. ಹೊಸ ಗರಿಗಳು ಗಿಡ್ಡ, ತುದಿ ಕೊಕ್ಕೆ ಥರ ಬಾಗಿರೋದು, ಎಲೆಗಳು ಒಂದಕ್ಕೊಂದು ಅಂಟಿಕೊಂಡು ಬಿಚ್ಚದೇ ಇರೋದು, ಹರಳು ಉದುರೋದು. ಯಾರೋ ತಿಳಿದವರು ನೋಡಿ ಬೋರಾನ್ ಕೊರತೆ ಇರಬಹುದು, ಮರಕ್ಕೆ 50 ಗ್ರಾಂ ಬೊರಾಕ್ಸ್ ಕೊಡಿ ಅಂದಿದ್ರು. ತಾತ ಪೇಟೆಗೆ ಹೋದರೆ ಅಂಗಡೀಲಿ ಬೊರಾಕ್ಸ್ ಇರಲಿಲ್ಲ, ಬೇರೆ ಒಂದು ಬಿಳಿ ಪುಡಿ ಕೊಟ್ಟಿದ್ದಾರೆ. ಆಷಾಢ ಮುಗಿಯೋ ಹೊತ್ತಿಗೆ ನಾನು ರಜಕ್ಕೆ ಹೋದಾಗ ತಾತ ಆ ಪ್ಯಾಕೆಟ್ ತಂದು ನನ್ನ ಮುಂದೆ ಇಟ್ರು.

"ನೋಡವ್ವ, ನೀನು ಓದಿರೋಳು. ಅವರು ಹೇಳಿದ್ದು ಬೊರಾಕ್ಸು. ಇವನು ಇದ್ನ ಕೊಟ್ಟವ್ನೆ. ಎರಡೂ ಒಂದೇನಾ ಮಗಾ?"

ಪ್ಯಾಕೆಟ್ ಮೇಲೆ ಇಂಗ್ಲಿಷಲ್ಲಿ ಬೋರಾನ್ 20% ಅಂತ ದಪ್ಪ ಅಕ್ಷರದಲ್ಲಿ ಇತ್ತು. ಕೆಳಗೆ ಸಣ್ಣದಾಗಿ ಡೈಸೋಡಿಯಂ ಆಕ್ಟಾಬೋರೇಟ್ ಟೆಟ್ರಾಹೈಡ್ರೇಟ್. ನಾನು ಫೋನಲ್ಲಿ ರೀಲ್ಸ್ ನೋಡ್ತಾ ಇದ್ದೆ. ಒಂದು ಸಲ ಕಣ್ಣಾಡಿಸಿ ಹೇಳಿದೆ: "ಹ್ಞೂ ತಾತ, ಒಂದೇ. ಎರಡೂ ಬೋರಾನೇ."

"ಅಷ್ಟೇ ಅಳತೆನಾ?"

"ಅಷ್ಟೇ."

ತಾತ ನನ್ನ ಮಾತು ನಂಬಿದ್ರು. ಅಜ್ಜಿಯ ಅಡುಗೆಮನೆ ತಕ್ಕಡೀಲಿ 50 ಗ್ರಾಂ ತೂಗಿ, 14 ಪೊಟ್ಟಣ ಕಟ್ಟಿ, ಮರಕ್ಕೊಂದು ಪೊಟ್ಟಣದಂತೆ ಪಾತಿಗೆ ಹಾಕಿ ನೀರು ಬಿಟ್ರು. ನಾನು ಹಾಸ್ಟೆಲಿಗೆ ವಾಪಸ್ ಬಂದೆ.

ಮೂರು ವಾರ ಆದ ಮೇಲೆ ಲ್ಯಾಬಲ್ಲಿ ಇದ್ದೆ, ಅಜ್ಜಿ ಫೋನ್ ಮಾಡಿದ್ರು. ಊಟ ಆಯ್ತಾ, ಸ್ನಾನ ಆಯ್ತಾ ಎಲ್ಲಾ ಆದ ಮೇಲೆ, "ಬೀನ್ಸ್ ಗಿಡದ ಎಲೆ ಅಂಚೆಲ್ಲಾ ಬೆಂಕಿ ತಾಕಿದಂಗೆ ಆಗೈತೆ ಕಣವ್ವ. ಬಾವಿ ಕಡೆ ನಾಲ್ಕು ಪಾತೀಲೂ ಅಂಗೇ. ಆಚೆ ಕಡೆ ಇರೋ ಬೀನ್ಸ್ ಚೆನ್ನಾಗೈತೆ" ಅಂದ್ರು. ಅಷ್ಟೇ. ದೂರು ಹೇಳಲಿಲ್ಲ, ಸುದ್ದಿ ಹೇಳಿದ್ರು. ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ತಿರುವಿದ ಹಾಗಾಯ್ತು. ಪಾತಿಗೆ ಬಿದ್ದಿದ್ದು ಏನು ಅಂತ ನನಗೆ ಗೊತ್ತಿತ್ತು.

ರೆಕಾರ್ಡ್ ಬುಕ್ಕಿನ ಹಿಂದಿನ ಹಾಳೇಲಿ ಲೆಕ್ಕ ಮಾಡಿದೆ. ಬೊರಾಕ್ಸಿನ ತೂಕದಲ್ಲಿ ಬೋರಾನ್ ಇರೋದು 11.3% ಮಾತ್ರ. 50 ಗ್ರಾಂ ಬೊರಾಕ್ಸಿಗೆ ಬೋರಾನ್ 5.65 ಗ್ರಾಂ. ನಾನು ಹಾಕಿಸಿದ್ದು 20%ದು, ಅಂದ್ರೆ 10 ಗ್ರಾಂ. ಸಾಕಾಗ್ತಿದ್ದ ಪುಡಿ ಸುಮಾರು 28 ಗ್ರಾಂ. ಫಸ್ಟ್ ಪಿಯುಸಿ ಮೊದಲನೇ ಅಧ್ಯಾಯದ ಲೆಕ್ಕ ಇದು. ಎರಡು ನಿಮಿಷ ಸಾಕು. ಪರೀಕ್ಷೇಲಿ ಕೇಳಿದ್ದಿದ್ರೆ ತಪ್ಪುತ್ತಿರಲಿಲ್ಲ. ಕನ್ನಡದಲ್ಲಿ, ಜಗಲಿ ಮೇಲೆ ಕೂತು, 'ಎರಡೂ ಒಂದೇನಾ' ಅಂತ ಕೇಳಿದಾಗ ಅದು ಕೆಮಿಸ್ಟ್ರಿ ಪ್ರಶ್ನೆ ಅಂತಲೇ ನನಗೆ ಹೊಳೆಯಲಿಲ್ಲ.

ಗಿಡಕ್ಕೆ ಬೋರಾನ್ ಏನು ಮಾಡುತ್ತೆ ಅಂತಾನೂ ನಾನು ಅವತ್ತೇ ಮೊದಲ ಸಲ ಓದಿದ್ದು. ಗಿಡದ ಜೀವಕೋಶದ ಗೋಡೇಲಿ ಸಕ್ಕರೆಯ ಉದ್ದುದ್ದ ಸರಪಳಿಗಳಿರ್ತವೆ. ಬೋರಾನ್ ಎರಡು ಸರಪಳಿಗಳ ಮಧ್ಯೆ ಸಿಕ್ಕಿಕೊಂಡು ಎರಡನ್ನೂ ಕಟ್ಟಿ ಹಿಡಿಯುತ್ತೆ. ಅದಕ್ಕೆ ಎಲೆಕ್ಟ್ರಾನ್ ಕೊರತೆ. ಹಾಗಾಗಿ ಆಕ್ಸಿಜನ್ ಕಂಡ ಕಡೆ ಕೈ ಚಾಚುತ್ತೆ. ನಾವು ಬಾಯಿಪಾಠ ಮಾಡಿದ ಲೂಯಿಸ್ ಆಸಿಡ್ ಅನ್ನೋ ಗುಣ ಇದೇ. ಚಿಕ್ಕವರಿದ್ದಾಗ ಅಂಟಿಗೆ ಬೊರಾಕ್ಸ್ ನೀರು ಹಾಕಿ ಸ್ಲೈಮ್ ಮಾಡ್ತಿದ್ವಲ್ಲ, ಅಲ್ಲೂ ಅದೇ ಕಟ್ಟು. ತೆಂಗಿನಲ್ಲಿ ಬೋರಾನ್ ಹಳೇ ಗರಿಯಿಂದ ಹೊಸ ಗರಿಗೆ ಸುಲಭವಾಗಿ ಹೋಗಲ್ಲ. ಅದಕ್ಕೇ ಕೊರತೆ ಆದಾಗ ಮೊದಲು ಕೆಡೋದು ಸುಳಿ. ಜಾಸ್ತಿ ಆದಾಗ ಉಲ್ಟಾ. ಬೇರಿಂದ ನೀರಿನ ಜೊತೆ ಎಲೆಯ ಅಂಚಿನವರೆಗೂ ಹೋಗುತ್ತೆ, ಅಲ್ಲಿ ನೀರು ಆವಿಯಾಗುತ್ತೆ, ಬೋರಾನ್ ಅಲ್ಲೇ ಉಳಿದು ಗುಡ್ಡೆ ಆಗುತ್ತೆ. ಉಪ್ಪುನೀರು ಕಾಯಿಸಿದ ಪಾತ್ರೆ ಅಂಚಲ್ಲಿ ಬಿಳಿ ಗೆರೆ ಕೂರೋ ಹಾಗೆ. ಅದಕ್ಕೇ ಅಂಚು ಸುಡೋದು. ಬೀನ್ಸಿಗಂತೂ ಬೋರಾನ್ ಸ್ವಲ್ಪ ಜಾಸ್ತಿ ಆದ್ರೂ ತಡೆಯಲ್ಲ. ಸಾಕು ಅನ್ನೋದಕ್ಕೂ ವಿಷ ಅನ್ನೋದಕ್ಕೂ ನಡುವೆ ಜಾಗ ತುಂಬಾ ಕಮ್ಮಿ.

ತಮಾಷೆ ಅಂದ್ರೆ, ಅದೇ ವಾರ ಡಿವೈಸಸ್ ಕ್ಲಾಸಲ್ಲಿ ನಮಗೆ ಹೇಳಿಕೊಡ್ತಾ ಇದ್ದಿದ್ದೂ ಬೋರಾನೇ. ಸಿಲಿಕಾನಿಗೆ ಬೋರಾನ್ ಸೇರಿಸಿದ್ರೆ ಪಿ-ಟೈಪ್. ಸಿಲಿಕಾನಿಗೆ ಕಟ್ಟಿಕೊಳ್ಳೋಕೆ ನಾಲ್ಕು ಎಲೆಕ್ಟ್ರಾನ್, ಬೋರಾನಿಗೆ ಮೂರೇ. ಕಮ್ಮಿ ಬಿದ್ದ ಒಂದು ಜಾಗವೇ ಹೋಲ್, ಅದರಿಂದಲೇ ಕರೆಂಟು ಹರಿಯೋದು. ಸಾಧಾರಣ ಬಿಲ್ಲೆಯಲ್ಲಿ ಸುಮಾರು 5 ಕೋಟಿ ಸಿಲಿಕಾನ್ ಪರಮಾಣುಗಳಿಗೆ ಒಂದು ಬೋರಾನ್ ಸೇರಿಸಿದ್ರೆ ಸಾಕು, ಶುದ್ಧ ಸಿಲಿಕಾನಿಗಿಂತ ಲಕ್ಷ ಪಟ್ಟು ಹೋಲ್ ಸಿಗುತ್ತೆ. ಎಷ್ಟು ಹಾಕಬೇಕು ಅನ್ನೋದಕ್ಕೆ ಚಿಪ್ ಮಾಡೋರು ಬಳಸೋ ಪದ 'ಡೋಸ್'. ತೆಂಗಿಗೂ ಡೋಸ್, ಚಿಪ್ಪಿಗೂ ಡೋಸ್. ಚಿಪ್ಪಿನ ಡೋಸ್ ಲೆಕ್ಕ ನಾನು ಇಂಟರ್ನಲ್ಸಲ್ಲಿ ಸರಿಯಾಗಿ ಮಾಡಿ ಬಂದೆ.

ಗೌರಿ ಹಬ್ಬಕ್ಕೆ ಬನ್ನೂರಿಗೆ ಹೋದೆ. ಬಸ್ಸಲ್ಲಿ ಕೂತು ಒಂದೇ ಯೋಚನೆ: ತಾತನಿಗೆ ಹೇಗೆ ಹೇಳೋದು? ಸಾರಿ ಹೇಳೋದು ಕಷ್ಟ ಅಲ್ಲ. ಯಾಕೆ ಹೀಗಾಯ್ತು ಅಂತ ಹೇಳೋಕೆ ನನ್ನ ಹತ್ತಿರ ಮಾತಿರಲಿಲ್ಲ. ಪರ್ಸೆಂಟೇಜ್ ಕಾಂಪೋಸಿಷನ್, ಮಾಲಿಕ್ಯುಲರ್ ವೇಯ್ಟ್, ವಾಟರ್ ಆಫ್ ಕ್ರಿಸ್ಟಲೈಸೇಷನ್, ಯಾವುದಕ್ಕೂ ನನ್ನ ನಾಲಿಗೆ ಮೇಲೆ ಕನ್ನಡ ಇಲ್ಲ.

ತಾತ ಹಿತ್ತಲಲ್ಲಿ ಇದ್ರು. ನಾಲ್ಕು ಪಾತಿಯ ಬೀನ್ಸ್ ಕಿತ್ತು ಒಂದು ಕಡೆ ಒಟ್ಟಿದ್ರು. ನಾನೇ ಹೋಗಿ ಹೇಳಿದೆ: "ತಾತ, ನಾನು ಹೇಳಿದ್ದು ತಪ್ಪು. ಎರಡೂ ಒಂದೇ ಅಲ್ಲ."

"ಅಂಗಾರೆ ಬೋರಾನ್ ಅಲ್ವಾ ಅದು?"

"ಬೋರಾನೇ. ಆದ್ರೆ..." ಅಂತ ಶುರು ಮಾಡಿ ನಿಂತೆ. ಮತ್ತೆ ಶುರು ಮಾಡಿದೆ. "ತಾತ, ಬೊರಾಕ್ಸ್ ನೋಡೋಕೆ ಒಣ ಪುಡಿ. ಆದ್ರೆ ಅದರ ಒಳಗೆ ನೀರು ಸೇರಿರುತ್ತೆ. 100 ಗ್ರಾಂ ತಗೊಂಡ್ರೆ 47 ಗ್ರಾಂ ನೀರೇ. ನಮ್ಮ ಪ್ಯಾಕೆಟಲ್ಲಿ ಇರೋದರಲ್ಲಿ ನೀರು ಬರೀ 17. ತೂಕ ಒಂದೇ ಹಾಕಿದ್ರೂ..."

ನಾನು ಮುಗಿಸೋಕೆ ಮುಂಚೆ ತಾತನೇ ಹೇಳಿದ್ರು: "ಅಂದ್ರೆ ಅದು ಹಸಿ ಭತ್ತ, ಇದು ಒಣ ಭತ್ತ ಅನ್ನು."

ನಾನು ಸುಮ್ಮನೆ ನಿಂತುಬಿಟ್ಟೆ. ಕೊಯ್ದ ತಕ್ಷಣದ ಭತ್ತ ತೂಗಿದ್ರೆ ತೂಕ ಜಾಸ್ತಿ, ಒಣಗಿಸಿದ್ರೆ ಇಳಿಯುತ್ತೆ. ಖರೀದಿ ಕೇಂದ್ರದಲ್ಲಿ ತೇವಾಂಶ 17%ಗಿಂತ ಜಾಸ್ತಿ ಇದ್ರೆ ತಗೊಳಲ್ಲ. ತಾತ ಜೀವಮಾನ ಪೂರ್ತಿ ಮಾಡಿರೋ ಲೆಕ್ಕ ಇದು. ಬೊರಾಕ್ಸಿಗೂ ಆ ಪುಡಿಗೂ ಇರೋ ವ್ಯತ್ಯಾಸ ಪೂರ್ತಿ ನೀರಿನದೇ ಅಲ್ಲ, ಸೋಡಿಯಂ ಪಾಲೂ ಬೇರೆ ಬೇರೆ. ಆದ್ರೆ ದೊಡ್ಡ ಪಾಲು ನೀರೇ.

"ಮೊದ್ಲೇ ಅಂಗೆ ಹೇಳಿದ್ರೆ ನಾನೇ ಕಮ್ಮಿ ಹಾಕ್ತಿದ್ದೆ" ಅಂದ್ರು ತಾತ. ಬೈದಿದ್ದಲ್ಲ. ನಿಜ ಹೇಳಿದ್ದು. ಆ ಲೆಕ್ಕ ಮಾಡೋ ಬುದ್ಧಿ ಅವರಿಗಿತ್ತು. ಅವರ ಕೈಲಿ ಇಲ್ಲದೇ ಇದ್ದಿದ್ದು ಪ್ಯಾಕೆಟ್ ಮೇಲಿನ ಎರಡು ಸಾಲು ಇಂಗ್ಲಿಷ್ ಮಾತ್ರ. ಅದನ್ನ ಅವರಿಗೆ ಓದಿ ಹೇಳೋದು ನನ್ನ ಕೆಲಸ ಆಗಿತ್ತು. ನಾನು ಓದಿ ಹೇಳೋ ಬದಲು ತೀರ್ಪು ಕೊಟ್ಟೆ.

ಅವತ್ತು ರಾತ್ರಿ ಕರೆಂಟ್ ಹೋಯ್ತು. ಜಗಲಿ ಮೇಲೆ ಕೂತು ನಾನು ತಾತನಿಗೆ ಎರಡೂ ಗುಂಪಿನ ಹತ್ತು ಧಾತುಗಳ ಹೆಸರು ಹೇಳಿದೆ. ಇವೆಲ್ಲಾ ಎರಡು ಮನೆತನ ತಾತ, ಬೋರಾನಿನದು ಒಂದು, ಕಾರ್ಬನ್‌ದು ಒಂದು ಅಂದೆ. ಅಜ್ಜಿನೂ ಬಂದು ಕೂತ್ರು. ಆಗ ಗೊತ್ತಾಗಿದ್ದು: ಹತ್ತರಲ್ಲಿ ಆರು ಅವರಿಗೆ ಆಗಲೇ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಹೆಸರು ಬೇರೆ ಅಷ್ಟೆ.

ಬೊರಾಕ್ಸ್ ಹೇಗಿರುತ್ತೆ, ಅಕ್ಕಸಾಲಿಗರು ಚಿನ್ನ ಬೆಸೆಯೋಕೆ ಹಾಕ್ತಾರಂತಲ್ಲ ಅಂದ ತಕ್ಷಣ ಅಜ್ಜಿ "ಬಿಳಿಗಾರ!" ಅಂದ್ರು. ಅಷ್ಟು ದಿನ ಬೊರಾಕ್ಸ್ ಬೊರಾಕ್ಸ್ ಅಂತ ಎಲ್ಲರೂ ಹೇಳ್ತಿದ್ದಿದ್ದು ಬಿಳಿಗಾರ ಅಂತ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಯೂಮಿನಿಯಂ ಅಂದ್ರೆ ಪಾತ್ರೆ ಸರಿ, ಆದ್ರೆ ಹೊಳೆ ನೀರು ಕೆಂಪಾಗಿ ಬಂದಾಗ ತಿಳಿ ಮಾಡೋಕೆ ಆಡಿಸ್ತಿದ್ದ ಪಟಿಕದಲ್ಲೂ ಅದೇ ಇರೋದು. ಕಾರ್ಬನ್ ಅಂದ್ರೆ ಇದ್ದಿಲು. ಸಿಲಿಕಾನ್ ಅಂದ್ರೆ ಮರಳು. ನಮ್ಮದೇ ತಾಲ್ಲೂಕಿನ ತಲಕಾಡಲ್ಲಿ ದೇವಸ್ಥಾನಗಳನ್ನೇ ಮುಚ್ಚಿದ್ದ ಮರಳು. ಭತ್ತದ ಎಲೆ ಕೈ ಕೊಯ್ಯೋದೂ ಸಿಲಿಕಾದಿಂದಲೇ. ಭತ್ತ ಅದನ್ನ ನೀರಿನಿಂದ ಎಳ್ಕೊಂಡು ಎಲೇಲೂ ಹೊಟ್ಟಲ್ಲೂ ತುಂಬಿಸಿಟ್ಕೊಳ್ಳುತ್ತೆ. ಹೊಟ್ಟು ಸುಟ್ಟ ಬೂದೀಲಿ ಬಹುಪಾಲು ಸಿಲಿಕಾನೇ. ಪಕ್ಕದ ಸೋಮನಾಥಪುರದ ದೇವಸ್ಥಾನ 1258ರದ್ದು. ಅದನ್ನ ಕಡೆದಿರೋ ಬಳಪದ ಕಲ್ಲಲ್ಲಿ ಸಿಲಿಕಾನೂ ಅಲ್ಯೂಮಿನಿಯಂ ಕೂಡ ಇವೆ, ಎರಡು ಮನೆತನದವರು ಒಂದೇ ಕಲ್ಲಲ್ಲಿ.

ತವರ ಅಂದ ಕೂಡಲೇ ಅಜ್ಜಿಗೆ ಕಲಾಯಿ ನೆನಪಾಯ್ತು. ಕಲಾಯಿಯವನು ಬೀದೀಲಿ ಕುಳಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕಾಯಿಸಿ ನವಸಾಗರ ಎರಚಿದ್ರೆ ಘಾಟು ಹೊಗೆ ಏಳ್ತಿತ್ತಂತೆ. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಹತ್ತೀಲಿ ಉಜ್ಜಿದ್ರೆ ಒಳಗೆಲ್ಲಾ ಬೆಳ್ಳಿ ಥರ. ತವರ ಕರಗೋದು 232 ಡಿಗ್ರಿಗೆ, ಹಾಗಾಗಿ ಇದ್ದಿಲ ಬೆಂಕಿ ಸಾಕಾಗಿತ್ತು. "ಕೆಲವರು ಸೀಸ ಬೆರೆಸೋರು, ಅಂಥ ಪಾತ್ರೇಲಿ ಹುಳಿ ಇಡ್ತಿರಲಿಲ್ಲ" ಅಂದ್ರು ಅಜ್ಜಿ. ನಮ್ಮ ಲ್ಯಾಬಿನ ಸಾಲ್ಡರ್ ತಂತಿ ಇದೇ ಎರಡರ ಬೆರಕೆ. ತವರ 63, ಸೀಸ 37 ಇದ್ರೆ 183 ಡಿಗ್ರಿಗೇ ಕರಗುತ್ತೆ, ಎರಡನ್ನೂ ಬೇರೆ ಬೇರೆ ಕರಗಿಸೋದಕ್ಕಿಂತ ಕಮ್ಮಿ ಶಾಖ. ನಾನು ಸಾಲ್ಡರಿಂಗ್ ಮಾಡೋವಾಗ ಆ ಫ್ಲಕ್ಸ್ ಯಾಕೆ ಅಂತ ವೈವಾದಲ್ಲಿ ಕೇಳಿದ್ರು, ತಡವರಿಸಿದ್ದೆ. ನವಸಾಗರ ಯಾಕೆ ಅಂತ ಅಜ್ಜಿಗೆ ಗೊತ್ತು: "ಕಿಲುಬು ಹೋಗ್ಬೇಕಲ್ಲ, ಇಲ್ದಿದ್ರೆ ಹೆಂಗೆ ಹಿಡಿಯುತ್ತೆ?"

ಉಳಿದ ನಾಲ್ಕು ಮಾತ್ರ ಅವರಿಗೆ ಹೊಸದು: ಗ್ಯಾಲಿಯಂ, ಇಂಡಿಯಂ, ಜರ್ಮೇನಿಯಂ, ಥ್ಯಾಲಿಯಂ. ಥ್ಯಾಲಿಯಂ ವಿಷ, ಹಿಂದೆ ಇಲಿ ಪಾಷಾಣಕ್ಕೆ ಬಳಸ್ತಿದ್ರು ಅಂತ ಹೇಳಿ ಅಲ್ಲಿಗೇ ಬಿಟ್ಟೆ. ಮಿಕ್ಕ ಮೂರು ನಮ್ಮ ಬ್ರಾಂಚಿನವು. 1947ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಮಾಡಿದ ಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಂದು. ಮೊಬೈಲ್ ಪರದೇಲಿ ಇಂಡಿಯಂ ಇದೆ. ಎಲ್‌ಇಡಿ ಬಲ್ಬಲ್ಲಿ ಗ್ಯಾಲಿಯಂ, ಇಂಡಿಯಂ ಎರಡೂ ಇವೆ.

ಇವುಗಳ ಕಥೆ ತಾತನಿಗೆ ತುಂಬಾ ಹಿಡಿಸ್ತು. ಮೆಂಡಲೀವ್ 1871ರಲ್ಲಿ, ಇನ್ನೂ ಯಾರೂ ನೋಡಿರದ ಧಾತುಗಳಿಗೆ ಖಾಲಿ ಜಾಗ ಬಿಟ್ಟು ಹೆಸರಿಟ್ಟಿದ್ದ: ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಅಲ್ಯೂಮಿನಿಯಂ ಕೆಳಗಿನ ಒಂದನೇ ಮನೆ, ಸಿಲಿಕಾನ್ ಕೆಳಗಿನ ಒಂದನೇ ಮನೆ ಅಂತ. 1875ರಲ್ಲಿ ಗ್ಯಾಲಿಯಂ ಸಿಕ್ತು, 1886ರಲ್ಲಿ ಜರ್ಮೇನಿಯಂ. ನಾನು ಪಿಯುಸೀಲಿ ಅದನ್ನ 'ಈಕಾ' ಅಂತ ಓದ್ತಿದ್ದೆ, ಯಾವುದೋ ಗ್ರೀಕ್ ಪದ ಅನ್ಕೊಂಡು. ಏಕ, ದ್ವಿ, ತ್ರಿ ಅನ್ನೋದರಲ್ಲಿರೋ ಏಕ ಅದು, ಸಂಸ್ಕೃತದ್ದು. "ರಷ್ಯಾದೋನಿಗೆ ಗೊತ್ತಾಯ್ತು, ನಿಂಗೆ ಗೊತ್ತಾಗ್ಲಿಲ್ವಾ?" ಅಂತ ತಾತ ಜೋರಾಗಿ ನಕ್ರು. ಅವತ್ತು ಅವರು ನಕ್ಕಿದ್ದು ಅದೇ ಮೊದಲು.

ಕರೆಂಟ್ ಬರದೇ ಯುಪಿಎಸ್ ಬ್ಯಾಟರಿ ಕುಯ್ ಅನ್ನೋಕೆ ಶುರು ಮಾಡ್ತು. ಸೀಸದ ಬ್ಯಾಟರಿ. 2011ರಲ್ಲಿ ರಾಜೀವ್ ಅಹುಜಾ, ಪೆಕ್ಕಾ ಪ್ಯೂಕ್ಕೋ ಮತ್ತೆ ಅವರ ಜೊತೆಗಾರರು ಒಂದು ಲೆಕ್ಕ ಹಾಕಿದ್ರು. ಸೀಸದ ಪರಮಾಣು ಎಷ್ಟು ಭಾರ ಅಂದ್ರೆ ಅದರ ಎಲೆಕ್ಟ್ರಾನ್‌ಗಳು ತುಂಬಾ ವೇಗವಾಗಿ ಓಡ್ತವೆ, ಐನ್‌ಸ್ಟೈನ್‌ನ ಸಾಪೇಕ್ಷತೆ ಅಲ್ಲಿ ಕೆಲಸ ಮಾಡುತ್ತೆ. ಬ್ಯಾಟರಿಯ ಒಂದು ಸೆಲ್ಲಿನ ಸುಮಾರು 2.1 ವೋಲ್ಟಲ್ಲಿ 1.7ರಿಂದ 1.8 ವೋಲ್ಟ್ ಬರೋದು ಅದರಿಂದಲೇ. ಇನರ್ಟ್ ಪೇರ್ ಎಫೆಕ್ಟ್ ಅಂತ ನಾವು ಉರು ಹೊಡೆದಿದ್ದರ ಹಿಂದೆ ಇರೋದೂ ಬಹುಮಟ್ಟಿಗೆ ಇದೇ. ಸೀಸಕ್ಕೆ ನಾಲ್ಕು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಇರೋದು ಇಷ್ಟ ಇಲ್ಲ, ಎರಡನ್ನ ವಾಪಸ್ ಕಿತ್ಕೊಳ್ಳೋಕೆ ನೋಡುತ್ತೆ. ಆ ಎಳೆತಕ್ಕೇ ಅಜ್ಜಿ ಮನೆ ಫ್ಯಾನ್ ತಿರುಗೋದು. ಇದನ್ನ ಕನ್ನಡದಲ್ಲಿ ತಾತನಿಗೆ ಹೇಳೋಕೆ ನೋಡಿದೆ, ಅರ್ಧಕ್ಕೆ ನಿಂತೆ. ನನಗೇ ಪೂರ್ತಿ ಅರ್ಥ ಆಗಿಲ್ಲ ಅಂತ ಅಲ್ಲಿ ಗೊತ್ತಾಯ್ತು. ಇಂಗ್ಲಿಷಲ್ಲಿ ಹೇಳಿದ್ದಿದ್ರೆ ಆ ಪದದ ಹಿಂದೆ ಬಚ್ಚಿಟ್ಕೊಂಡು ಮುಂದೆ ಹೋಗಿಬಿಡ್ತಿದ್ದೆ.

ಬೆಳಿಗ್ಗೆ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದೆ: 'ಬಿಳಿಗಾರ (ಹಸಿ ಭತ್ತ) 50 ಗ್ರಾಂ. ಈ ಪ್ಯಾಕೆಟ್ (ಒಣ ಭತ್ತ) 28 ಗ್ರಾಂ. ಬೀನ್ಸ್ ಇರೋ ಪಾತಿಗೆ ಬೇಡ. ಮತ್ತೆ ಹಾಕೋ ಮುಂಚೆ ಮಣ್ಣು ಪರೀಕ್ಷೆ ಮಾಡಿಸಬೇಕು.' 'ಪರೀಕ್ಷೆ'ಲಿ ಷ ಒತ್ತು ಬಿಟ್ಟಿದ್ದೆ, ತಾತ ಕನ್ನಡಕ ಹಾಕ್ಕೊಂಡು ಪೆನ್ನಲ್ಲಿ ತಿದ್ದಿದ್ರು. ಪಂಪ್‌ಸೆಟ್ ಮನೆ ಗೋಡೆಗೆ ಅದನ್ನ ಸಿಕ್ಕಿಸಿದ್ದೀವಿ. ಬೀನ್ಸ್ ದುಡ್ಡು ನಾನು ಕೊಡ್ತೀನಿ ಅಂದೆ. ಅಜ್ಜಿ "ಸ್ಕಾಲರ್‌ಶಿಪ್ಪಾ?" ಅಂತ ಕೇಳಿ, 200 ರೂಪಾಯಿ ನನಗೇ ಬಸ್ ಚಾರ್ಜಿಗೆ ಕೊಟ್ಟು ಕಳಿಸಿದ್ರು. ತೆಂಗಿನ ಹೊಸ ಸುಳಿ ಸರಿಯಾಗಿ ಬರುತ್ತೋ ಇಲ್ಲವೋ ಇನ್ನೂ ನೋಡಬೇಕು. ತೆಂಗು ಬೀನ್ಸ್ ಥರ ಮೂರು ವಾರಕ್ಕೆ ಉತ್ತರ ಕೊಡಲ್ಲ.

ಬಸ್ ಹತ್ತೋವಾಗ ತಾತ ಇನ್ನೊಂದು ಪ್ರಶ್ನೆ ಕೇಳಿದ್ರು. "ಅಲ್ಲ ಕಣವ್ವ, ಇದ್ದಿಲು ಕಾರ್ಬನ್ನು ಅಂದೆ. ಬೆಲ್ಲದಲ್ಲೂ ಕಾರ್ಬನ್ನೇ ಇರೋದು ಅಂದೆ. ಒಂದು ಕಪ್ಪು, ಕಹಿ. ಇನ್ನೊಂದು ಸಿಹಿ. ಅದೆಂಗೆ?"

ಈ ಸಲ ಥಟ್ಟಂತ ಉತ್ತರ ಕೊಡಲಿಲ್ಲ. ಸಂಕ್ರಾಂತಿಗೆ ಬಂದು ಹೇಳ್ತೀನಿ ಅಂದೆ. ಆಲೆಮನೇಲಿ ಪಾಕ ಸೀದು ಹೋದಾಗ ಕೊಪ್ಪರಿಗೆ ತಳದಲ್ಲಿ ಕರಿ ಉಳಿಯುತ್ತಲ್ಲ, ಅಲ್ಲಿಂದ ಶುರು ಮಾಡೋಣ ಅಂತಿದ್ದೀನಿ. ಬೆಲ್ಲದಿಂದ ನೀರಿನ ಪಾಲು ಹೋದ್ರೆ ಉಳಿಯೋದು ಇದ್ದಿಲು. ಮತ್ತೆ ಹಸಿ ಭತ್ತ, ಒಣ ಭತ್ತಕ್ಕೇ ಬಂದು ನಿಲ್ಲುತ್ತೇನೋ. ಆದ್ರೆ ಇಲ್ಲಿ ಆ ನೀರು ಬೆಲ್ಲದೊಳಗೆ ನೀರಾಗಿ ಇರಲ್ಲ, ಹೈಡ್ರೋಜನ್ನು ಆಕ್ಸಿಜನ್ನು ಬೇರೆ ಥರ ಕಟ್ಟಿಕೊಂಡಿರ್ತವೆ. ತಾತ ಅದನ್ನ ಖಂಡಿತ ಹಿಡೀತಾರೆ. ಜನವರಿವರೆಗೂ ಟೈಮ್ ಇದೆ, ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಬರ್ಕೊಳ್ತಾ ಇದ್ದೀನಿ.